ತೊಟ್ಟಿಲಿಂದ ಊರುಗೋಲಿನ ತನಕ: ಮನೆಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಓದಿದ್ದು ಹೋಂ ಸೈನ್ಸ್. ಅದರಲ್ಲಿ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ ಅಂತ ಒಂದು ವಿಭಾಗ ಇದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಈಗಲೂ ಕಲಿಸುತ್ತಾರೆ. ಹೋಂ ಸೈನ್ಸ್ ಅಂದ ಕೂಡಲೇ ಅಡುಗೆ, ಹೊಲಿಗೆ ಅಂತ ನಗುವವರೇ ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು "ನಮ್ಮ ಹುಡುಗ ಇನ್ನೂ ಮಾತೇ ಆಡಲ್ಲ, ಏನು ಮಾಡೋದು" ಅಂತ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ. ಡಾಕ್ಟರ್ ಹತ್ತಿರವೋ ವಕೀಲರ ಹತ್ತಿರವೋ ಹೋಗಬೇಕಾದ ಕಡೆ ಹೋಗಿ ಅಂತಲೇ ಹೇಳಿದ್ದೇನೆ.

ಬೆಳವಣಿಗೆ ಅಂದ್ರೆ ಮಕ್ಕಳದ್ದು ತಾನೇ? ದೊಡ್ಡವರಿಗೇನು ಬೆಳವಣಿಗೆ?

ಎತ್ತರ ಬೆಳೆಯುವುದು ಇಪ್ಪತ್ತರ ಒಳಗೆ ನಿಲ್ಲುತ್ತದೆ, ಮಿಕ್ಕಿದ್ದು ನಿಲ್ಲುವುದಿಲ್ಲ. ಎರಿಕ್ ಎರಿಕ್ಸನ್ ಎಂಬ ಮನಃಶಾಸ್ತ್ರಜ್ಞ 1950ರಲ್ಲೇ ಬದುಕನ್ನು ಎಂಟು ಹಂತ ಮಾಡಿ ನೋಡಿದ್ದ. ಕೂಸಿಗೆ ಸುತ್ತಲಿನವರ ಮೇಲೆ ನಂಬಿಕೆ ಹುಟ್ಟಬೇಕು, ಹದಿಹರೆಯದವರಿಗೆ ತಾನು ಯಾರು ಅಂತ ಗೊತ್ತಾಗಬೇಕು, ನಡುವಯಸ್ಸಿನವರಿಗೆ ಮುಂದಿನವರಿಗಾಗಿ ಏನೋ ಮಾಡಿದೆ ಅನ್ನಿಸಬೇಕು, ಮುಪ್ಪಿನಲ್ಲಿ ಬದುಕಿದ್ದಕ್ಕೆ ಅರ್ಥ ಇತ್ತು ಅನ್ನಿಸಬೇಕು, ಹೀಗೆ. ಎಂಟು ಅನ್ನೋ ಲೆಕ್ಕವನ್ನು ಅಷ್ಟು ಗಟ್ಟಿಯಾಗಿ ಹಿಡಿಯಬೇಕಾಗಿಲ್ಲ. ಆದರೆ ಒಬ್ಬರು ಮುಂದಿನ ವಯಸ್ಸಿಗೆ ಹೋದಾಗ ಅವರ ಜೊತೆ ಇರುವವರೂ ಸ್ವಲ್ಪ ಸರಿದು ಜಾಗ ಕೊಡಬೇಕು, ಇದನ್ನೇ ಯಾರೂ ಮಾಡುವುದಿಲ್ಲ. ಮಗನಿಗೆ ಮೂವತ್ತಾದರೂ ಹತ್ತರ ಹುಡುಗನ ಹಾಗೆ ಗದರುತ್ತೇವೆ. ಅಮ್ಮನಿಗೆ ಎಪ್ಪತ್ತಾದರೂ ನಲವತ್ತರ ಹಾಗೆ ದುಡಿಯಲಿ ಅಂತ ಬಯಸುತ್ತೇವೆ. ಮನೆ ಜಗಳಗಳಲ್ಲಿ ಅರ್ಧಕ್ಕರ್ಧ ಇಲ್ಲಿಂದಲೇ ಹುಟ್ಟುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಕೆಳಗೆ ಇದೇ ಮಾತು ಮತ್ತೆ ಮತ್ತೆ ಬರುತ್ತದೆ, ಬೇಜಾರಾಗಬೇಡಿ.

ಬಾಣಂತನದಲ್ಲಿ ಅಜ್ಜಿ ಹೇಳೋದೆಲ್ಲ ಪಾಲಿಸಬೇಕಾ?

ಎಲ್ಲವನ್ನೂ ಬೇಡ, ಎಲ್ಲವನ್ನೂ ಬಿಡುವುದೂ ಬೇಡ. ತವರಿಗೆ ಹೋಗಿ ಮೂರು ತಿಂಗಳು ಬೇರೆ ಕೆಲಸ ಮಾಡದೆ ಮಗುವಿನ ಜೊತೆ ಇರುವುದು, ಎಣ್ಣೆ ಹಚ್ಚಿಸಿಕೊಂಡು ಬಿಸಿನೀರು ಹುಯ್ಸಿಕೊಳ್ಳುವುದು, ಹೊತ್ತುಹೊತ್ತಿಗೆ ಬಿಸಿ ಊಟ, ರಾತ್ರಿ ಮಗು ಎತ್ತಿಕೊಳ್ಳಲು ಇನ್ನೊಂದು ಕೈ. ಇದು ಚಿನ್ನದಂಥ ವ್ಯವಸ್ಥೆ. ಅಮೆರಿಕದಲ್ಲಿ ಹೆರುವ ನಮ್ಮ ಹೆಣ್ಣುಮಕ್ಕಳು ಇದಕ್ಕಾಗಿಯೇ ಊರಿಂದ ಅಮ್ಮನನ್ನು ಕರೆಸಿಕೊಳ್ಳುತ್ತಾರೆ.

ಬಿಡಬೇಕಾದವು ಇಷ್ಟು. "ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದೆ" ಅಂತ ಬಾಣಂತಿಗೆ ನೀರು ಅಳೆದು ಕೊಡುವುದು. ಹಾಲೂಡುವ ತಾಯಿಗೆ ನೀರು ಜಾಸ್ತಿಯೇ ಬೇಕು, ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಉರಿ ಗ್ಯಾರಂಟಿ. ಸೊಪ್ಪು ತರಕಾರಿ ನಿಲ್ಲಿಸಿ ಬರೀ ಮೆಣಸಿನ ಸಾರು ಅನ್ನ ಕೊಡುವುದು. ಮೊದಲ ದಿನದ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು. ಮಗುವಿಗೆ ಮೊದಲು ಸಿಗಬೇಕಾದ್ದೇ ಆ ಹಾಲು, ಹುಟ್ಟಿದ ಒಂದು ಗಂಟೆಯೊಳಗೆ ಕೊಡಬೇಕು. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವ ತನಕ ಮುಟ್ಟಿಸಬೇಡಿ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಮಕ್ಕಳ ಸ್ನಾಯುಗಳ ಶಕ್ತಿಯನ್ನೇ ಕುಂದಿಸುತ್ತದೆ. ಮೂಗಿಗೆ ಕಿವಿಗೆ ಎಣ್ಣೆ ಬಿಡಬೇಡಿ, ಮೂಗಿಗೆ ಬಿಟ್ಟದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಕಾಡಿಗೆಯಲ್ಲಿ ಸೀಸ ಇರಬಹುದು. ಸಾಂಬ್ರಾಣಿ ಹೊಗೆ ತಾಯಿಯ ಕೂದಲಿಗೆ ಹಿಡಿಯಿರಿ, ಮಗುವಿನ ಮುಖಕ್ಕೆ ಬೇಡ.

ಅಜ್ಜಿಗೆ ಇದನ್ನೆಲ್ಲ ಹೇಳುವುದು ಹೇಗೆ? ಡಾಕ್ಟರ್ ಬಾಯಲ್ಲಿ ಹೇಳಿಸಿ. ಲಸಿಕೆಗೆ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಅವರ ಕೈಯಲ್ಲೇ ಪ್ರಶ್ನೆ ಕೇಳಿಸಿ. ಸೊಸೆ ಗೂಗಲ್ ನೋಡಿ ಹೇಳಿದ್ದು ಅವಮಾನ ಅನ್ನಿಸುತ್ತದೆ, ಡಾಕ್ಟರ್ ಹೇಳಿದ್ದು ಹಾಗನ್ನಿಸುವುದಿಲ್ಲ.

ಹೆರಿಗೆ ಆಗಿ ತಿಂಗಳಾಯ್ತು, ಇನ್ನೂ ಅಳ್ತಾಳೆ. ದೃಷ್ಟಿ ಆಗಿರಬಹುದಾ?

ದೃಷ್ಟಿ ತೆಗೆಯುವುದಾದರೆ ತೆಗೆಯಿರಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಹೆರಿಗೆಯಾದ ಮೊದಲ ಕೆಲವು ದಿನ ಸುಮ್ಮಸುಮ್ಮನೆ ಅಳು ಬರುವುದು ತುಂಬ ಜನಕ್ಕೆ ಆಗುತ್ತದೆ. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಅಳು, ಮಗು ಮಲಗಿದರೂ ತನಗೆ ನಿದ್ದೆ ಬರದಿರುವುದು, ಮಗುವನ್ನು ಮುಟ್ಟಲು ಮನಸ್ಸಿಲ್ಲದಿರುವುದು, "ನಾನಿಲ್ಲದಿದ್ದರೇ ಒಳ್ಳೆಯದು" ಅನ್ನುವ ಮಾತು ಇದ್ದರೆ ಅದು ಖಿನ್ನತೆ. ಔಷಧಿ ಇದೆ, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದವೂ ಇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಏನೇನೋ ಕಾಣುತ್ತಿದೆ, ಕೇಳಿಸುತ್ತಿದೆ ಅಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಅಪ್ಪ ಏನು ಮಾಡಬೇಕು?

ವಾರಕ್ಕೊಮ್ಮೆ ಮಾವನ ಮನೆಗೆ ಹಣ್ಣು ತಂದುಕೊಟ್ಟು ಮಗು ಜೊತೆ ಫೋಟೋ ತೆಗೆಸಿಕೊಂಡು ಬರುವುದು ಸಾಲದು. ಬಟ್ಟೆ ಬದಲಿಸಿ, ತೇಗು ಬರಿಸಿ, ರಾತ್ರಿ ಎದ್ದು ಎತ್ತಿಕೊಳ್ಳಿ. ರಜೆಯ ವಿಷಯಕ್ಕೆ ಬಂದರೆ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ತಾಯಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಅಪ್ಪಂದಿರಿಗೆ ಕೇಂದ್ರ ಸರ್ಕಾರದ ನೌಕರಿಯಲ್ಲಿ 15 ದಿನ, ಖಾಸಗಿಯಲ್ಲಿ ಕಂಪನಿಯ ಮರ್ಜಿ.

ಪಕ್ಕದ ಮನೆ ಮಗು ನಡೀತಿದೆ, ನಮ್ಮದು ಇನ್ನೂ ಅಂಬೆಗಾಲು. ತೊಂದರೆನಾ?

ಒಂದು ವರ್ಷದಿಂದ ಒಂದೂವರೆ ವರ್ಷದ ಒಳಗೆ ಯಾವಾಗ ನಡೆದರೂ ಸರಿಯೇ. ಪಕ್ಕದ ಮನೆ ಲೆಕ್ಕ ಬಿಡಿ, ಈ ಲೆಕ್ಕ ಇಟ್ಟುಕೊಳ್ಳಿ: ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಗಬೇಕು, ನಾಲ್ಕು ತಿಂಗಳಿಗೆ ಕತ್ತು ನಿಲ್ಲಬೇಕು, ಒಂಬತ್ತರೊಳಗೆ ಆಸರೆ ಇಲ್ಲದೆ ಕೂರಬೇಕು, ವರ್ಷದ ಆಸುಪಾಸಿಗೆ ಹೆಸರು ಕರೆದರೆ ತಿರುಗಬೇಕು, ಬೇಕಾದ್ದನ್ನು ಬೆರಳಿಟ್ಟು ತೋರಿಸಬೇಕು, ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಬೇಕು" ಅಂತ ಎರಡು ಪದ ಜೋಡಿಸಬೇಕು. ಕಲಿತದ್ದನ್ನು ಮಗು ಮರೆಯುತ್ತಿದೆ ಅಂದರೆ ಯಾವ ವಯಸ್ಸಾದರೂ ಕಾಯಬೇಡಿ.

"ಅವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು" ಅನ್ನುವ ಮಾತಿಗೆ ಎಷ್ಟು ಮಕ್ಕಳ ಒಳ್ಳೆ ವರ್ಷಗಳು ಹೋಗಿವೆಯೋ! ಮಾತು ತಡವಾದರೆ ಮೊದಲು ಕಿವಿ ಪರೀಕ್ಷೆ. ಬಾಗಿಲು ಬಡಿದಾಗ ತಿರುಗುತ್ತದಲ್ಲ ಅನ್ನಬೇಡಿ, ಜೋರು ಸದ್ದು ಕೇಳಿಸಿ ಮೆಲುಮಾತು ಕೇಳಿಸದೇ ಇರಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಹುಟ್ಟಿದ ಕೂಸಿಗೂ ಕಿವಿ ಪರೀಕ್ಷೆ ಆಗುತ್ತದೆ, ಎಷ್ಟು ಬೇಗ ಹೋದರೆ ಅಷ್ಟು ಮಾತು ಉಳಿಯುತ್ತದೆ.

ಮನೇಲಿ ತುಳು, ಹೊರಗೆ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್. ಮಗುಗೆ ಗೊಂದಲ ಆಗಲ್ವಾ?

ಆಗಲ್ಲ. ಮೂರನ್ನೂ ಬೆರೆಸಿ ಮಾತಾಡುತ್ತದೆ, ಆಮೇಲೆ ತಾನೇ ಬೇರೆ ಮಾಡಿಕೊಳ್ಳುತ್ತದೆ. ಕಾಸರಗೋಡು ಮಂಗಳೂರು ಕಡೆ ಮನೆಗಳಲ್ಲಿ ನಾಲ್ಕು ಭಾಷೆ ಮಾಮೂಲು. ಸ್ಕೂಲಿನವರು "ಮನೆಯಲ್ಲಿ ಇಂಗ್ಲಿಷೇ ಮಾತಾಡಿ" ಅಂದಾಗ ಅಪ್ಪ ಅಮ್ಮ ತಮಗೇ ಸರಿಯಾಗಿ ಬಾರದ ಭಾಷೆಯಲ್ಲಿ "ಈಟ್ ಈಟ್, ಕಮ್ ಕಮ್" ಅಂತ ನಾಲ್ಕು ಪದಕ್ಕೆ ಇಳಿದುಬಿಡುತ್ತಾರಲ್ಲ, ನಷ್ಟ ಆಗುವುದು ಅಲ್ಲಿ. ಮಗುವಿಗೆ ಬೇಕಾದ್ದು ಉದ್ದುದ್ದ ಮಾತು, ಕಥೆ, ಜಗಳ, ತಮಾಷೆ. ನಿಮಗೆ ಯಾವ ಭಾಷೆಯಲ್ಲಿ ಬೈಯೋಕೆ ಬರುತ್ತದೋ ಅದರಲ್ಲೇ ಮಾತಾಡಿಸಿ.

ಮೊಬೈಲ್ ತೋರಿಸದೆ ಊಟ ಮಾಡಲ್ಲ.

ಒಂದು ವಾರ ಕಷ್ಟ, ಆಮೇಲೆ ಹಸಿದಾಗ ತಿನ್ನುತ್ತದೆ. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ದೂರದಲ್ಲಿರುವ ಅಜ್ಜಿಯ ಜೊತೆ ವಿಡಿಯೋ ಕಾಲ್ ಬೇರೆ ಲೆಕ್ಕ, ಅಲ್ಲಿ ಆ ಕಡೆಯಿಂದ ಒಬ್ಬರು ಉತ್ತರ ಕೊಡುತ್ತಿರುತ್ತಾರೆ.

ತಂಗಿ ಹುಟ್ಟಿದ ಮೇಲೆ ನಾಲ್ಕು ವರ್ಷದವನು ಮತ್ತೆ ಹಾಸಿಗೆ ಒದ್ದೆ ಮಾಡ್ತಾನೆ, ಬಾಟಲಿ ಕೇಳ್ತಾನೆ.

"ನೀನೀಗ ಅಣ್ಣ, ದೊಡ್ಡವನು" ಅಂತ ಎಲ್ಲರೂ ಹೇಳಿದ್ದಾರೆ. ಅವನಿಗೆ ಕಂಡದ್ದು ಚಿಕ್ಕವರಾದರೆ ಎತ್ತಿಕೊಳ್ಳುತ್ತಾರೆ ಅನ್ನುವುದು. ಅವನ ಲೆಕ್ಕ ಸರಿಯಾಗೇ ಇದೆ! ಬೈಯಬೇಡಿ, ಬಂದವರ ಮುಂದೆ ಹೇಳಿ ನಗಬೇಡಿ. ದಿನಕ್ಕೆ ಅರ್ಧ ಗಂಟೆ ಕೂಸನ್ನು ಬೇರೆಯವರ ಕೈಗೆ ಕೊಟ್ಟು ಅವನೊಬ್ಬನ ಜೊತೆ ಇರಿ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ನಾವೆಲ್ಲ ಹೊಡೆತ ತಿಂದೇ ಬೆಳೆದಿದ್ದು. ಎರಡು ಕೊಡದೆ ಮಕ್ಕಳು ಸರಿಹೋಗ್ತಾರಾ?

ಹೊಡೆತ ತಿಂದದ್ದರಿಂದ ಬೆಳೆದೆವೋ, ತಿಂದರೂ ಬೆಳೆದೆವೋ ಯೋಚಿಸಿ. ಹೊಡೆಸಿಕೊಂಡ ಮಗು ಆ ಕ್ಷಣ ನಿಲ್ಲಿಸುತ್ತದೆ, ಕಲಿಯುವುದು ಮಾತ್ರ ಸಿಕ್ಕಿಹಾಕಿಕೊಳ್ಳದೆ ಮಾಡುವುದನ್ನು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಮನೆಯಲ್ಲಿ ನಿಯಮ ಕಡಿಮೆ ಇರಲಿ, ಇದ್ದದ್ದು ಅಪ್ಪ, ಅಮ್ಮ, ಅಜ್ಜಿ ಮೂವರಿಗೂ ಒಂದೇ ಇರಲಿ. ಅಮ್ಮ ಬೇಡ ಅಂದ ಚಾಕೊಲೇಟು ಅಜ್ಜಿ ಸೆರಗಿನಿಂದ ಬರುವ ಮನೆಯಲ್ಲಿ ಯಾವ ಶಿಸ್ತೂ ನಿಲ್ಲುವುದಿಲ್ಲ.

ಮಗ ಪಿಯುಸಿ. ರಾತ್ರಿ ಒಂದು ಗಂಟೆ ತನಕ ಎದ್ದಿರ್ತಾನೆ, ಬಾಗಿಲು ಹಾಕ್ಕೊಳ್ತಾನೆ, ಕೇಳಿದ್ರೆ "ಏನಿಲ್ಲ" ಅಂತಾನೆ.

ಮೂರು ಬೇರೆ ಬೇರೆ ವಿಷಯ. ಒಂದೊಂದಾಗಿ ನೋಡೋಣ.

ನಿದ್ದೆಗೆ ಮೊದಲು. ಹದಿಹರೆಯದಲ್ಲಿ ಮೆಲಟೋನಿನ್ ಅನ್ನುವ ನಿದ್ದೆಯ ಹಾರ್ಮೋನು ರಾತ್ರಿ ಒಂದೆರಡು ಗಂಟೆ ತಡವಾಗಿ ಏರುತ್ತದೆ. ಒಂಬತ್ತಕ್ಕೆ ಮಲಗು ಅಂದರೆ ಅವನಿಗೆ ನಿಜವಾಗಿಯೂ ನಿದ್ದೆ ಬರುವುದಿಲ್ಲ. ಆದರೆ ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಇತ್ತ ನೀಟ್, ಸಿಇಟಿ ಕೋಚಿಂಗ್ ಇರುವ ಕಾಲೇಜುಗಳಲ್ಲಿ ಬೆಳಗ್ಗೆ ಐದಕ್ಕೇ ಎಬ್ಬಿಸುತ್ತಾರೆ. ದಿನಾ ಕಡಿಮೆಯೆಂದರೂ ನಾಲ್ಕು ಗಂಟೆ ನಿದ್ದೆ ಸಾಲ, ಭಾನುವಾರ ಮಧ್ಯಾಹ್ನದ ತನಕ ಮಲಗಿದರೆ ಸೋಮಾರಿ ಅನ್ನಿಸಿಕೊಳ್ಳುತ್ತಾನೆ. ಫೋನು ಇದನ್ನು ಇನ್ನೂ ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ರಾತ್ರಿ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ. ಎಲ್ಲರದ್ದೂ, ಅಪ್ಪನದ್ದೂ.

ಬಾಗಿಲು. ಮುಂದಿನದನ್ನು ಯೋಚಿಸಿ ತನ್ನನ್ನು ತಾನು ತಡೆದುಕೊಳ್ಳುವ ಮಿದುಳಿನ ಮುಂಭಾಗ ಪೂರ್ತಿ ಪಕ್ವ ಆಗುವುದು ಇಪ್ಪತ್ತೈದರ ಆಸುಪಾಸು. ಆದರೆ ನನ್ನದು ಅನ್ನುವ ಜಾಗ ಬೇಕು ಅನ್ನಿಸುವುದು ಹದಿಮೂರಕ್ಕೇ. ಬಾಗಿಲು ತಟ್ಟಿ ಒಳಗೆ ಹೋಗಿ. ಚಿಲಕ ಕೀಳಿಸಿದ ಅಪ್ಪಂದಿರನ್ನು ನೋಡಿದ್ದೇನೆ, ಆಮೇಲೆ ಹುಡುಗ ಮನೆಯ ಹೊರಗೆ ಬಾಗಿಲು ಹುಡುಕಿಕೊಂಡ.

"ಏನಿಲ್ಲ" ಅನ್ನುವುದಕ್ಕೆ ಕಾರಣ, ಹೇಳಿದ್ದೆಲ್ಲ ಪಾಠವಾಗಿ ವಾಪಸ್ ಬರುತ್ತದೆ ಅಂತ ಅವನಿಗೆ ಗೊತ್ತು. ಎದುರು ಕೂರಿಸಿ ವಿಚಾರಣೆ ಮಾಡಬೇಡಿ. ಬೈಕಲ್ಲಿ ಹಿಂದೆ ಕೂತಾಗ, ಕಾರಲ್ಲಿ ಪಕ್ಕದಲ್ಲಿದ್ದಾಗ, ಪಾತ್ರೆ ತೊಳೆಯುವಾಗ, ಅಂದರೆ ಮುಖ ಮುಖ ನೋಡದೆ ಇರುವಾಗ ಈ ವಯಸ್ಸಿನವರು ಮಾತಾಡುತ್ತಾರೆ. ಆಗ "ಹೌದಾ, ಆಮೇಲೆ?" ಅನ್ನುವುದು ಬಿಟ್ಟು ಬೇರೇನೂ ಹೇಳಬೇಡಿ.

ಅದು ಬರೀ ವಯಸ್ಸಿನ ಸಿಡುಕೋ, ಖಿನ್ನತೆಯೋ ಹೇಗೆ ಗೊತ್ತಾಗುತ್ತೆ?

ನಿಮ್ಮ ಮೇಲೆ ಸಿಡುಕಿ ಗೆಳೆಯರ ಜೊತೆ ನಗುತ್ತಿದ್ದರೆ ವಯಸ್ಸು. ಗೆಳೆಯರನ್ನೂ ಬಿಟ್ಟ, ಕ್ರಿಕೆಟ್ಟೂ ಬೇಡ ಅಂದ, ಊಟ ನಿದ್ದೆ ಎರಡೂ ಕೆಟ್ಟಿವೆ, ಇಷ್ಟದ ವಸ್ತುಗಳನ್ನು ಬೇರೆಯವರಿಗೆ ಕೊಡುತ್ತಿದ್ದಾನೆ, "ನಾನಿರದಿದ್ರೆ ನಿಮಗೆ ಆರಾಮ" ಅಂದ. ಇದು ಎರಡು ವಾರ ನಡೆದರೆ ಡಾಕ್ಟರ್ ಹತ್ತಿರ ಹೋಗಿ, ಕೊನೆಯ ಎರಡಕ್ಕಂತೂ ಎರಡು ವಾರವೂ ಕಾಯಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ, ಕೇಳಿದರೆ ತಲೆಯಲ್ಲಿ ಬಿತ್ತಿದಂತಾಗುವುದಿಲ್ಲ. ಟೆಲಿಮಾನಸ್ 14416, ಹದಿನೆಂಟರ ಒಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳು ಈ ವಯಸ್ಸಿನವರಿಗೆಂದೇ ಇರುವವು. ಫಲಿತಾಂಶದ ದಿನ ಮಕ್ಕಳನ್ನು ಒಬ್ಬರೇ ಬಿಡಬೇಡಿ. ಅಕ್ಕನ ಮಗಳ ಪರ್ಸೆಂಟೇಜು ಅವತ್ತು ಮನೆಯೊಳಗೆ ಬರಬಾರದು.

ಮಗಳು ದೊಡ್ಡವಳಾದಳು. ಆರತಿ, ಊಟ ಎಲ್ಲ ಮಾಡಬೇಕಾ?

ಅವಳನ್ನು ಕೇಳಿ. ರೇಷ್ಮೆ ಲಂಗ ಉಟ್ಟು ಕೂರುವುದು ಕೆಲವರಿಗೆ ಖುಷಿ, ಕೆಲವರಿಗೆ ಕ್ಲಾಸಿನ ಹುಡುಗರಿಗೆಲ್ಲ ಗೊತ್ತಾಯಿತು ಅನ್ನುವ ಸಂಕಟ. ಚಿಗಳಿ, ತುಪ್ಪ, ಕೊಬ್ಬರಿ ಬೆಲ್ಲ ತಿನ್ನಿಸಿ, ಒಳ್ಳೆಯದೇ. ಜೊತೆಗೆ ಕಬ್ಬಿಣಾಂಶದ ಮಾತ್ರೆ. ಹೊರಗೆ ಕೂರಿಸುವುದು, ಅದು ಮುಟ್ಟಬೇಡ ಇದು ಮುಟ್ಟಬೇಡ ಅನ್ನುವುದು ಬೇಡ. ಹತ್ತು ವರ್ಷಕ್ಕೇ ವಿಷಯ ಹೇಳಿಟ್ಟರೆ ಶಾಲೆಯಲ್ಲಿ ರಕ್ತ ಕಂಡು ಹೆದರುವುದು ತಪ್ಪುತ್ತದೆ.

ಸೋದರಮಾವನಿಗೇ ಕೊಡೋಣ ಅಂತಿದ್ದಾರೆ. ಮಕ್ಕಳಿಗೆ ತೊಂದರೆ ಆಗುತ್ತಾ?

ನಮ್ಮ ಕಡೆ ಇದು ಹಳೆಯ ರೂಢಿ. ಹಿಂದೂ ವಿವಾಹ ಕಾಯ್ದೆಯೂ ರೂಢಿ ಇದ್ದ ಕಡೆ ಒಪ್ಪುತ್ತದೆ. ಆಸ್ತಿ ಉಳಿಯುತ್ತದೆ, ಗೊತ್ತಿದ್ದ ಮನೆ ಅನ್ನುವ ಕಾರಣಗಳೂ ಸುಳ್ಳಲ್ಲ. ಆದರೆ ಲೆಕ್ಕ ನೋಡಿ. ಮಾವ ಮತ್ತು ಅಕ್ಕನ ಮಗಳ ನಡುವೆ ವಂಶವಾಹಿಗಳಲ್ಲಿ ನಾಲ್ಕನೇ ಒಂದು ಭಾಗ ಒಂದೇ ಇರುತ್ತದೆ, ಅತ್ತೆ ಮಗ ಮಾವನ ಮಗಳ ನಡುವೆ ಎಂಟನೇ ಒಂದು. ಒಂದೇ ದೋಷ ಇಬ್ಬರಲ್ಲೂ ಅಡಗಿದ್ದರೆ ಪ್ರತಿ ಮಗುವಿಗೂ ಅದು ಕಾಯಿಲೆಯಾಗಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಗಂಭೀರ ತೊಂದರೆ ಇರುತ್ತದೆ, ಅತ್ತೆ ಮಾವನ ಮಕ್ಕಳ ಮದುವೆಯಲ್ಲಿ ಅದು ಸುಮಾರು ದುಪ್ಪಟ್ಟು, ಸೋದರಮಾವನ ಮದುವೆಯಲ್ಲಿ ಇನ್ನೂ ಜಾಸ್ತಿ. ತಲೆಮಾರುಗಳಿಂದ ಅದೇ ಮನೆಗಳ ನಡುವೆ ಕೊಟ್ಟು ತಂದಿದ್ದರೆ ಮತ್ತಷ್ಟು. "ನಮ್ಮನೇಲಿ ಎಲ್ಲ ಚೆನ್ನಾಗೇ ಇದ್ದಾರೆ" ಅನ್ನುವುದೂ ನಿಜವೇ, ಹೆಚ್ಚಿನ ಮಕ್ಕಳು ಚೆನ್ನಾಗೇ ಇರುತ್ತಾರೆ. ಮನೆತನದಲ್ಲಿ ಕಿವುಡು, ಚಿಕ್ಕ ವಯಸ್ಸಿನ ಸಾವು, ಬುದ್ಧಿ ಬೆಳವಣಿಗೆಯ ತೊಂದರೆ ಇದ್ದರೆ ಮದುವೆಗೆ ಮೊದಲೇ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶವಾಹಿ ತಜ್ಞರ ಸಲಹೆ, ತೆಗೆದುಕೊಳ್ಳಿ.

ಇನ್ನೊಂದು ಮಾತು. ಎತ್ತಿ ಆಡಿಸಿದ ಮಾವನನ್ನು ಗಂಡ ಅಂದುಕೊಳ್ಳುವುದು ಹುಡುಗಿಗೆ ಸುಲಭವಲ್ಲ, ಅವಳು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಹದಿನೆಂಟು ತುಂಬದ ಮದುವೆಯಂತೂ ಕರ್ನಾಟಕದಲ್ಲಿ 2016ರ ತಿದ್ದುಪಡಿಯ ನಂತರ ಮೊದಲಿಂದಲೇ ಅಸಿಂಧು.

ಮದುವೆ ಆದ ಮೇಲೆ ಮಗ ಹೆಂಡತಿ ಮಾತೇ ಕೇಳ್ತಾನೆ. ಅತ್ತೆ ಸೊಸೆ ಜಗಳಕ್ಕೆ ಏನಾದ್ರೂ ಮದ್ದು ಇದೆಯಾ?

ಹೊರಗಿನಿಂದ ನೋಡಿದರೆ ಜಗಳ ಸಾರಿನ ಪುಡಿಯದ್ದು. ಸೊಸೆ ತವರಿಂದ ಡಬ್ಬಿ ತುಂಬ ಪುಡಿ ತಂದಳು, ಅದರಲ್ಲಿ ಕೊಬ್ಬರಿ ಇದೆ, ಇಲ್ಲಿಯದರಲ್ಲಿ ಇಲ್ಲ. ಅತ್ತೆ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಇಟ್ಟರು. ಸೊಸೆ ಏನೂ ಹೇಳಲಿಲ್ಲ, ಮಾರನೇ ದಿನ ಸ್ಟೂಲ್ ಹಾಕಿ ಇಳಿಸಿಕೊಂಡಳು. ಅತ್ತೆ ಊಟ ಮಾಡಲಿಲ್ಲ. ಮಗ ಇಬ್ಬರ ಸಾರನ್ನೂ ಹೊಗಳಿ ಇಬ್ಬರ ಕೈಯಲ್ಲೂ ಬೈಸಿಕೊಂಡ.

ಒಳಗಿರುವುದು ಬೇರೆ. ಅತ್ತೆಗೆ ಈಗ ಐವತ್ತೈದು ಅರವತ್ತು. ತಾನು ಸೊಸೆಯಾಗಿ ಬಂದಾಗ ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದು ಈಗ ತಾನೇ ಅಡುಗೆಮನೆ ತನ್ನದಾಗಿದೆ. ಮನೆಯಲ್ಲಿ ಅವರಿಗೆ ಇದ್ದ ಅಧಿಕಾರ ಅದೊಂದೇ. ಸೊಸೆ ಓದಿದ್ದಾಳೆ, ಸಂಬಳ ತರುತ್ತಾಳೆ, ಇಪ್ಪತ್ತು ವರ್ಷ ಕಾಯುವುದಿಲ್ಲ, ಕಾಯಬೇಕಾಗಿಯೂ ಇಲ್ಲ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಅಂತಾರೆ. ಈಗ ತೊಂದರೆ ಏನೆಂದರೆ ಇಬ್ಬರ ಕಾಲವೂ ಒಟ್ಟಿಗೇ ಬಂದಿದೆ.

ಮಾಡಬೇಕಾದ ಕೆಲಸ ಮಗನದ್ದು, ಅವನೇ ಟಿವಿ ನೋಡುತ್ತ ಕೂತಿರುತ್ತಾನೆ. ಅಮ್ಮನ ದೂರನ್ನು ಹೆಂಡತಿಗೆ, ಹೆಂಡತಿಯ ದೂರನ್ನು ಅಮ್ಮನಿಗೆ ಸಾಗಿಸಬಾರದು. ಅಮ್ಮನಿಗೆ ಹೇಳಬೇಕಾದ್ದನ್ನು "ನನಗೆ ಹೀಗೆ ಬೇಕು" ಅಂತ ತನ್ನ ಮಾತಾಗಿ ಹೇಳಬೇಕು, "ಅವಳು ಹೀಗಂತಾಳೆ" ಅಂತ ಅಲ್ಲ. ಅನುಕೂಲ ಇದ್ದರೆ ಅದೇ ಬೀದಿಯಲ್ಲಿ, ಮೇಲಿನ ಮಹಡಿಯಲ್ಲಿ ಬೇರೆ ಒಲೆ ಹೂಡಿ. ಬೇರೆ ಹೋದರೆ ಮನೆ ಒಡೆಯಿತು ಅಂತ ಅಳುವವರೇ ಆರು ತಿಂಗಳಲ್ಲಿ "ಈಗ ಸೊಸೆ ಚೆನ್ನಾಗಿ ಮಾತಾಡ್ತಾಳೆ" ಅನ್ನುತ್ತಾರೆ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ?

ಮಾತಿನ ಜಗಳಕ್ಕೆ ಸರಿ. ಮಕ್ಕಳ ಎದುರು ಆದ ಜಗಳ ಮಕ್ಕಳ ಎದುರೇ ರಾಜಿಯಾಗಲಿ ಅಂತ ಸೇರಿಸಿಕೊಳ್ಳಿ. ಕೈ ಎತ್ತಿದರೆ ಅದು ಜಗಳ ಅಲ್ಲ, ಅಪರಾಧ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ, ಮಹಿಳಾ ಸಹಾಯವಾಣಿ 181. "ಹೊಂದಿಕೊಂಡು ಹೋಗು" ಅಂತ ತವರಿನವರು ವಾಪಸ್ ಕಳಿಸುವುದು ನಿಲ್ಲಬೇಕು.

ಅಮ್ಮನಿಗೆ 47. ಇದ್ದಕ್ಕಿದ್ದಂತೆ ಬೆವರ್ತಾಳೆ, ಎಲ್ಲದಕ್ಕೂ ರೇಗ್ತಾಳೆ.

ಮುಟ್ಟು ನಿಲ್ಲುವ ಕಾಲ. ಭಾರತದಲ್ಲಿ ಸರಾಸರಿ 46-47ರ ಹೊತ್ತಿಗೆ ನಿಲ್ಲುತ್ತದೆ, ಅದಕ್ಕೆ ಕೆಲವು ವರ್ಷ ಮೊದಲೇ ನಿದ್ದೆಗೇಡು, ಬೆವರು, ಸಿಟ್ಟು ಶುರು. ಹನ್ನೆರಡು ತಿಂಗಳು ಪೂರ್ತಿ ಬರದಿದ್ದರೆ ನಿಂತಿತು ಅಂತ ಅರ್ಥ. ಆಮೇಲೆ ಒಂದು ತೊಟ್ಟು ರಕ್ತ ಕಂಡರೂ ಡಾಕ್ಟರಿಗೆ ತೋರಿಸಬೇಕು, ನಾಚಿಕೆಯಿಂದ ಮುಚ್ಚಿಡಬಾರದು. ತುಂಬ ಮನೆಗಳಲ್ಲಿ ಅಮ್ಮನ ಮುಟ್ಟು ನಿಲ್ಲುವುದು, ಮಗನ ಎಸ್ಸೆಸ್ಸೆಲ್ಸಿ, ಅಜ್ಜಿಯ ಮಂಡಿ ಆಪರೇಷನ್ ಎಲ್ಲ ಒಂದೇ ವರ್ಷ ಬಂದಿರುತ್ತವೆ. ಮೂರರಲ್ಲಿ ಯಾರೂ ವಿಚಾರಿಸದೇ ಇರುವುದು ಮೊದಲನೆಯದನ್ನು.

ಮೊಮ್ಮಗನ್ನ ನೋಡ್ಕೊಳ್ಳೋಕೆ ಅಮೆರಿಕಕ್ಕೆ ಬನ್ನಿ ಅಂತಾನೆ ಮಗ. ಹೋಗ್ಲಾ?

ಹೋಗಿ ಬನ್ನಿ. ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಅನೇಕ ಮನೆಗಳಲ್ಲಿ ಮೊದಲು ಹುಡುಗಿಯ ಅಪ್ಪ ಅಮ್ಮ, ಅವರು ವಾಪಸ್ ಬಂದ ಮೇಲೆ ಹುಡುಗನವರು ಅಂತ ಸರದಿ ಹಾಕಿಕೊಂಡಿರುತ್ತಾರೆ. ಹೊರಡುವ ಮೊದಲು ಮೂರು ಕೇಳಿ: ಇನ್ಶೂರೆನ್ಸ್‌ನಲ್ಲಿ ಮೊದಲಿಂದಲೇ ಇರುವ ಬಿಪಿ, ಶುಗರ್ ಸೇರುತ್ತದಾ? ವಾರಕ್ಕೆ ಒಂದು ದಿನವಾದರೂ ನಮಗೆ ರಜೆ ಇದೆಯಾ? ನಡೆದು ಹೋಗುವಷ್ಟು ದೂರದಲ್ಲಿ ಏನಾದರೂ ಇದೆಯಾ? ಕಾರು ಓಡಿಸಲು ಬಾರದವರಿಗೆ ಅಲ್ಲಿಯ ಚಳಿಗಾಲ ಗೃಹಬಂಧನ. ಊರಲ್ಲೇ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯರಿಗೂ ಸೊಂಟ ನೋವಿದೆ, ಅವರಿಗೂ "ಇಲ್ಲ" ಅನ್ನುವ ಹಕ್ಕಿದೆ.

ಅಪ್ಪ ರಿಟೈರ್ ಆದ ಮೇಲೆ ಮನೇಲಿ ಎಲ್ಲದಕ್ಕೂ ತಲೆ ಹಾಕ್ತಾರೆ.

ಅರವತ್ತರ ತನಕ ಆಫೀಸಿನಲ್ಲಿ ಫೈಲು ನೋಡಿದವರು ಈಗ ಫ್ರಿಜ್ ತೆಗೆದು ಮೊಸರಿನ ಲೆಕ್ಕ ನೋಡುತ್ತಾರೆ. ಬೇರೆ ಏನಿದೆ ಅವರಿಗೆ? ನಿಜವಾದ ಕೆಲಸ ಕೊಡಿ: ಬ್ಯಾಂಕು, ಕಂದಾಯ, ಮೊಮ್ಮಗಳ ಗಣಿತ. ಅಡುಗೆಮನೆಗೆ ಬಂದೇ ಬರುತ್ತಾರೆ ಅಂದರೆ ತರಕಾರಿ ಹೆಚ್ಚಲು ಕೂರಿಸಿ, ಸಲಹೆ ಕೊಡಲು ಬೇಡ.

ಅಮ್ಮ ತುಂಬ ಮರೀತಾರೆ. ಅರವತ್ತಕ್ಕೆ ಅರಳು ಮರಳು ಸಹಜ ಅಲ್ವಾ?

ಸಹಜ ಅಲ್ಲ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು, ಹೆಸರು ತಡವಾಗಿ ನೆನಪಾಗುವುದು ವಯಸ್ಸಿನದ್ದು. ದಿನಾ ಕಾಫಿ ಮಾಡುವವರು ಹಾಲು ಕಾಯಿಸಿ ಲೋಟಕ್ಕೆ ಸುರಿದು, ಫಿಲ್ಟರ್ ಕೈಯಲ್ಲಿ ಹಿಡಿದು ಇದನ್ನು ಏನು ಮಾಡಬೇಕು ಅಂತ ನಿಂತುಬಿಡುವುದು ವಯಸ್ಸಿನದ್ದಲ್ಲ. ನಡೆದು ನಡೆದು ಸವೆದ ಮಾರ್ಕೆಟ್ ದಾರಿಯಲ್ಲಿ ತಪ್ಪಿಸಿಕೊಳ್ಳುವುದು, ಕೆಲಸದವಳು ಸರ ಕದ್ದಳು ಅಂತ ಪದೇ ಪದೇ ಹೇಳುವುದು, ಚಿಲ್ಲರೆ ಲೆಕ್ಕ ತಪ್ಪುವುದು. ಇವು ಕಂಡರೆ ತೋರಿಸಿ.

ಮರೆವೆಲ್ಲ ಡಿಮೆನ್ಷಿಯಾ, ಅಂದರೆ ಮಿದುಳಿನ ಕಾಯಿಲೆಯಿಂದ ನೆನಪು ಬುದ್ಧಿ ಕುಂದುವುದು, ಅಲ್ಲ, ಇದೇ ಮುಖ್ಯ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಬಿದ್ದಾಗ ತಲೆಯೊಳಗೆ ನಿಧಾನವಾಗಿ ಸೇರಿಕೊಂಡ ರಕ್ತ, ಇವೆಲ್ಲ ಮರೆವು ತರುತ್ತವೆ, ಇವಕ್ಕೆ ಚಿಕಿತ್ಸೆ ಇದೆ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕಡಿಮೆಯಾಗುವುದು ಸಾಮಾನ್ಯ. ನಿನ್ನೆ ಚೆನ್ನಾಗಿದ್ದವರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ ಅದು ಮರೆವಲ್ಲ, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಮೂತ್ರದ ಸೋಂಕಿರಬಹುದು. ಅವತ್ತೇ ಆಸ್ಪತ್ರೆ. ಕಿವಿ ಕೇಳದಿರುವುದೂ ಮರೆವಿಗೆ ದಾರಿ ಮಾಡುತ್ತದೆ, ಶ್ರವಣಯಂತ್ರಕ್ಕೆ ನಾಚಿಕೆ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ತೆರೆದಿವೆ.

ಡಿಮೆನ್ಷಿಯಾ ಅಂತಲೇ ಆದರೆ ವಾದ ಮಾಡಬೇಡಿ. ತೀರಿಹೋದ ತಂಗಿ ಯಾವಾಗ ಬರ್ತಾಳೆ ಅಂತ ಕೇಳಿದರೆ ಪ್ರತಿಸಲ ಸತ್ತ ಸುದ್ದಿ ಹೇಳಬೇಡಿ, ಪ್ರತಿಸಲ ಹೊಸದಾಗಿ ಅಳುತ್ತಾರೆ. ತಂಗಿ ಬಗ್ಗೆ ಏನಾದರೂ ಹೇಳಿ ಅಂತ ಮಾತು ತಿರುಗಿಸಿ. ನೋಡಿಕೊಳ್ಳುವವರು ಒಬ್ಬರೇ ಇದ್ದರೆ, ಸಾಮಾನ್ಯವಾಗಿ ಸೊಸೆಯೋ ಮದುವೆಯಾಗದ ಮಗಳೋ, ಅವರಿಗೆ ವಾರದಲ್ಲಿ ಒಂದು ದಿನ ಬಿಡುವು ಕೊಡಿಸಿ. ಬರೀ ಫೋನಲ್ಲಿ "ಅಮ್ಮ ಹೇಗಿದ್ದಾಳೆ" ಅಂತ ಕೇಳುವ ಅಣ್ಣತಮ್ಮಂದಿರು ದುಡ್ಡನ್ನಾದರೂ ಕಳಿಸಿ.

ಆಸ್ತಿ ಈಗಲೇ ಮಕ್ಕಳ ಹೆಸರಿಗೆ ಬರೆದುಕೊಡ್ಲಾ?

ಇರುವ ಮನೆಯನ್ನು ಬರೆದುಕೊಡಬೇಡಿ. ಉಯಿಲು ಬರೆಯಿರಿ. ಉಯಿಲು ನೀವು ತೀರಿಕೊಂಡ ಮೇಲೆ ಜಾರಿಗೆ ಬರುತ್ತದೆ, ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರ ನೋಂದಣಿಯಾದರೆ ಮನೆ ಅವತ್ತೇ ಅವರದ್ದು. ಕೊಡಲೇಬೇಕು ಅಂದರೆ "ನನ್ನನ್ನು ಕೊನೆಯ ತನಕ ನೋಡಿಕೊಳ್ಳಬೇಕು" ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಪತ್ರ ರದ್ದು ಮಾಡಿಸಬಹುದು. ಷರತ್ತು ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತ್ತು, 2025ರ ಜನವರಿಯ ಇನ್ನೊಂದು ತೀರ್ಪು ಹಿರಿಯರ ಪರ ಸ್ವಲ್ಪ ಉದಾರವಾಗಿದೆ. ಕೋರ್ಟಿನ ಉದಾರತೆ ನಂಬಿಕೊಂಡು ಕೂರುವ ಬದಲು ಒಂದು ಸಾಲು ಬರೆಸುವುದು ಸುಲಭ.

ಅದೇ ಕಾಯ್ದೆಯಲ್ಲಿ ಜೀವನಾಂಶಕ್ಕೂ ಅರ್ಜಿ ಹಾಕಬಹುದು. ಉಪವಿಭಾಗಾಧಿಕಾರಿ, ಅಂದರೆ ಎಸಿ ಕಚೇರಿಗೆ. ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಹಿರಿಯರ ಸಹಾಯವಾಣಿ 14567.

ಮದುವೆ ಆದ ಹೆಣ್ಣುಮಕ್ಕಳೂ ಅಪ್ಪ ಅಮ್ಮನ್ನ ನೋಡ್ಕೋಬೇಕಾ?

ಮೇಲೆ ಹೇಳಿದ 2007ರ ಕಾಯ್ದೆಯಲ್ಲಿ ಮಗ, ಮಗಳು ಇಬ್ಬರೂ ಸಮ. ತಮಾಷೆ ಏನೆಂದರೆ ಅದರಲ್ಲಿ ಹೆಸರೇ ಇಲ್ಲದ ಸೊಸೆಯೇ ಎಲ್ಲ ಮನೆಯಲ್ಲಿ ಮಾಡುತ್ತಿರುವುದು. ಆಸ್ತಿಯಲ್ಲೂ ಸಮ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, 2005ರ ಕೇಂದ್ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು, ಆ ಹೊತ್ತಿಗೆ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಣ್ಣಂದಿರಿಗೆ ಬೇಜಾರಾಗುತ್ತದೆ ಅಂತ ಸುಮ್ನೆ ಸಹಿ ಹಾಕಿಕೊಡುವುದು ಈಗಲೂ ನಡೆಯುತ್ತಿದೆ. ಹಾಕುವುದಾದರೆ ಓದಿ ಹಾಕಿ.

ವೃದ್ಧಾಶ್ರಮಕ್ಕೆ ಸೇರಿಸೋದು ಪಾಪ ಅಲ್ವಾ?

ಮೂರು ಮಹಡಿ ಮನೆಯಲ್ಲಿ ಮಾತಾಡಿಸುವವರಿಲ್ಲದೆ ದಿನವಿಡೀ ಒಬ್ಬರೇ ಇರುವುದು ಅದಕ್ಕಿಂತ ಕಷ್ಟ. ಅವರನ್ನು ಕೇಳದೆ ಸೇರಿಸುವುದು ತಪ್ಪು. ಮೊದಲು ತಿಂಗಳ ಮಟ್ಟಿಗೆ ಇದ್ದು ನೋಡಲಿ. ಊಟದ ಹೊತ್ತಿಗೆ ಹೇಳದೆ ಹೋಗಿ, ರಾತ್ರಿ ನರ್ಸ್ ಇರುತ್ತಾರಾ ವಿಚಾರಿಸಿ.

ಅಜ್ಜ ಹೋಗಿಬಿಟ್ರು. ಐದು ವರ್ಷದ ಮಗುಗೆ ಏನಂತ ಹೇಳೋದು?

"ಮಲಗಿದ್ದಾರೆ" ಅನ್ನಬೇಡಿ, ಆಮೇಲೆ ಅದು ಮಲಗಲು ಹೆದರುತ್ತದೆ. "ಊರಿಗೆ ಹೋಗಿದ್ದಾರೆ" ಅಂದರೆ ಬಾಗಿಲಲ್ಲಿ ಕಾಯುತ್ತದೆ. ಸತ್ತವರು ವಾಪಸ್ ಬರುವುದಿಲ್ಲ ಅನ್ನುವುದು ಮಕ್ಕಳಿಗೆ ಪೂರ್ತಿ ತಿಳಿಯುವುದು ಐದರಿಂದ ಏಳು ವರ್ಷದ ಹೊತ್ತಿಗೆ, ಹಾಗಾಗಿ ಮತ್ತೆ ಮತ್ತೆ ಕೇಳುತ್ತದೆ, ಮತ್ತೆ ಮತ್ತೆ ಅದೇ ಉತ್ತರ ಕೊಡಿ: ಅಜ್ಜನ ಮೈ ಕೆಲಸ ನಿಲ್ಲಿಸಿತು, ಅವರಿಗೆ ಈಗ ನೋವಿಲ್ಲ, ಅವರು ಬರುವುದಿಲ್ಲ, ನಾವಿದ್ದೇವೆ. ನೀನು ಗಲಾಟೆ ಮಾಡಿದ್ದಕ್ಕೆ ಅಲ್ಲ ಅಂತಲೂ ಹೇಳಿ, ಈ ವಯಸ್ಸಿನ ಮಕ್ಕಳು ತಮ್ಮಿಂದಲೇ ಆಯಿತು ಅಂದುಕೊಳ್ಳುತ್ತಾರೆ. ಬೇಕಾದರೆ ಹೂ ಹಾಕಲಿ, ಬೇಡ ಅಂದರೆ ಬಲವಂತ ಬೇಡ.

ಐಸಿಯು, ವೆಂಟಿಲೇಟರ್ ಬೇಡ ಅಂತ ಅಪ್ಪ ಹೇಳ್ತಿರ್ತಾರೆ. ಅದಕ್ಕೆ ಬೆಲೆ ಇದೆಯಾ?

ಬರೆದಿಟ್ಟರೆ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು, 2023ರಲ್ಲಿ ವಿಧಾನ ಸರಳ ಮಾಡಿತು, 2025ರ ಜನವರಿಯಲ್ಲಿ ಕರ್ನಾಟಕ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ವಾಸಿಯಾಗದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ, ತನ್ನ ಪರವಾಗಿ ನಿರ್ಧರಿಸುವವರು ಯಾರು ಅಂತ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಮಾಡಿಸಬೇಕು. ಅಪ್ಪ ಚೆನ್ನಾಗಿರುವಾಗಲೇ, ಮಕ್ಕಳೆಲ್ಲ ಹಬ್ಬಕ್ಕೆ ಸೇರಿದಾಗ ಮಾತಾಡಿ. "ಹಬ್ಬದ ದಿನ ಅಪಶಕುನ" ಅಂತ ಯಾರಾದರೂ ಒಬ್ಬರು ಎದ್ದು ಹೋಗುತ್ತಾರೆ. ಹೋಗಲಿ, ಬರೆದ ಕಾಗದದ ಒಂದು ಪ್ರತಿ ಅವರಿಗೂ ಕಳಿಸಿ. ಐಸಿಯು ಬಾಗಿಲಲ್ಲಿ ನಿಂತು "ಏನೇ ಆಗಲಿ ಎಲ್ಲ ಮಾಡಿ" ಅನ್ನುವವರು ಸಾಮಾನ್ಯವಾಗಿ ಅವರೇ.